ಡೋಂಗ್ರಿಯ ಫೈಲು: ಮುಂಬೈ ಮುಸ್ಲಿಮರು ಸಾಕ್ಷಿ ಹೇಳಿದ ಕಥೆ

ಶುಕ್ರವಾರ ಮಧ್ಯಾಹ್ನ ಮುಂಬೈಯ ಡೋಂಗ್ರಿಯ ಮಸೀದಿಯಲ್ಲಿ ಖುತ್ಬಾ, ಅಂದರೆ ನಮಾಜಿಗೆ ಮುಂಚಿನ ಪ್ರವಚನ, ಮುಗಿಯುವ ಹೊತ್ತಿಗೆ ಇಮಾಮರು ಒಂದು ವಚನ ಓದುತ್ತಾರೆ. ಕುರ್‌ಆನಿನ 16ನೇ ಅಧ್ಯಾಯದ 90ನೇ ವಚನ. ನ್ಯಾಯದಿಂದ ನಡೆಯಿರಿ, ಒಳಿತು ಮಾಡಿ ಎಂದು ಅಲ್ಲಾಹನ ಆಜ್ಞೆ ಅಂತ ಅದರ ಶುರು. ಅರಬಿಯಲ್ಲಿರುವುದರಿಂದ ಎಷ್ಟೋ ಜನರಿಗೆ ಅರ್ಥ ಗೊತ್ತಿರುವುದಿಲ್ಲ. ಪಕ್ಕದ ಗಲ್ಲಿಯಲ್ಲಿ ನಲವತ್ತು ವರ್ಷದಿಂದ ಚಹಾ ಹೋಟೆಲು ನಡೆಸುವ ನಮ್ಮ ಬ್ಯಾರಿ ಕಾಕನಿಗೆ ಗೊತ್ತಿದೆ.

"ಇನ್ನೊಂದು ಉಂಟು ಮಾರಾಯ್ರೆ, ಅದು ಇದಕ್ಕಿಂತ ಕಷ್ಟದ್ದು" ಎನ್ನುತ್ತಾರೆ ಅವರು. 4ನೇ ಅಧ್ಯಾಯದ 135ನೇ ವಚನ. ನ್ಯಾಯದ ಪರ ಸಾಕ್ಷಿ ಹೇಳಿ, ಅದು ನಿಮಗೇ, ನಿಮ್ಮ ಅಪ್ಪ ಅಮ್ಮನಿಗೇ, ನೆಂಟರಿಗೇ ವಿರುದ್ಧವಾದರೂ ಸರಿ.

ನಮ್ಮ ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಎರಡು ಪ್ರಶ್ನೆ ತಿರುಗುತ್ತಾ ಇರುತ್ತವೆ. ಅನ್ಯಾಯ ಆಯ್ತು ಅಂತ ಮುಸ್ಲಿಮರು ಯಾಕೆ ಬೀದಿಗೆ ಬರ್ತಾರೆ? ಬಾಂಬ್ ಸಿಡಿದಾಗ ಯಾಕೆ ಸುಮ್ನೆ ಇರ್ತಾರೆ? ತಮಾಷೆ ಅಂದರೆ ಎರಡನ್ನೂ ಕೇಳುವವರು ಹೆಚ್ಚಾಗಿ ಒಬ್ಬರೇ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗಿ ನೋಡುವುದು ಒಳ್ಳೆಯದು.

ತುರ್ಕಿಯ ಖಲೀಫರ ಪರವಾಗಿ ಹುಟ್ಟಿದ 1919ರ ಖಿಲಾಫತ್ ಸಮಿತಿಯಿಂದ ಹಿಡಿದು, 1942ರಲ್ಲಿ ಮೇಯರ್ ಆಗಿದ್ದ, 'ಕ್ವಿಟ್ ಇಂಡಿಯಾ' ಎಂಬ ಘೋಷಣೆ ಕೊಟ್ಟವರೆಂದು ಹೆಸರಾದ ಯೂಸುಫ್ ಮೆಹರಲಿಯವರೆಗೆ ಈ ಊರಿನ ಮುಸ್ಲಿಮರಿಗೆ ಚಳವಳಿ ಹೊಸದಲ್ಲ. 1966ರ ಏಪ್ರಿಲ್ 18ರಂದು ಏಳು ಮುಸ್ಲಿಂ ಹೆಂಗಸರು ತಲಾಖ್ ವಿಚಾರ ಹಿಡಿದು ಸಚಿವಾಲಯಕ್ಕೆ ಮೆರವಣಿಗೆ ಹೋದರು. ಏಳೇ ಜನ! ಅವರನ್ನು ಒಟ್ಟುಗೂಡಿಸಿದ್ದು ಕೊಂಕಣದ ಸಮಾಜ ಸುಧಾರಕ ಹಮೀದ್ ದಳವಾಯಿ. ನಾಲ್ಕು ವರ್ಷದ ನಂತರ ಅವರು ಪುಣೆಯಲ್ಲಿ ಮುಸ್ಲಿಂ ಸತ್ಯಶೋಧಕ ಮಂಡಳ ಕಟ್ಟಿದರು. ಅವರಿಗೆ ಒಳಗಿನಿಂದ ಬೈಗುಳ ಸಿಕ್ಕಿತು, ಹೊರಗಿನಿಂದ ಜಾಸ್ತಿ ಏನೂ ಸಿಗಲಿಲ್ಲ.

ಆಮೇಲೆ 1992ರ ಡಿಸೆಂಬರ್, 1993ರ ಜನವರಿ. ಬಾಬರಿ ಮಸೀದಿ ಕೆಡವಿದ ಮೇಲೆ ಮುಂಬೈಯಲ್ಲಿ ನಡೆದ ಎರಡು ಸುತ್ತಿನ ಗಲಭೆಯಲ್ಲಿ 900 ಜನ ಸತ್ತರು. ಅವರಲ್ಲಿ 575 ಮುಸ್ಲಿಮರು, 275 ಹಿಂದೂಗಳು. ಮಾರ್ಚ್ 12ರ ಸರಣಿ ಸ್ಫೋಟದಲ್ಲಿ ಮತ್ತೆ 257 ಜನ. ಗಲಭೆಯ ವಿಚಾರಣೆಗೆ ನೇಮಕವಾದವರು ಹೈಕೋರ್ಟ್ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ. ಅವರು ಬೆಂಗಳೂರಿನಲ್ಲಿ ಹುಟ್ಟಿದವರು ಎನ್ನುವುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತೇ ಇಲ್ಲ.

ಈ ಹಂತದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಶ್ರೀಕೃಷ್ಣ ಆಯೋಗದ ಮುಂದೆ ಎರಡು ಸಾವಿರಕ್ಕೂ ಹೆಚ್ಚು ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ) ಬಂದವು. 502 ಸಾಕ್ಷಿಗಳ ವಿಚಾರಣೆ ಆಯಿತು. ಅಫಿಡವಿಟ್ ಅಂದರೆ ಸುಮ್ಮನೆ ಅಲ್ಲ. ದಿನಗೂಲಿ ಬಿಡಬೇಕು. ವಕೀಲರ ಹತ್ತಿರ ಕೂತು, ಮರೆಯಬೇಕು ಅಂದುಕೊಂಡದ್ದನ್ನೇ ಗಂಟೆ ನಿಮಿಷ ಸಮೇತ ಹೇಳಬೇಕು. ಸಹಿ ಹಾಕಿ, ಮತ್ತೆ ಅದೇ ಗಲ್ಲಿಗೆ, ಅದೇ ನೆರೆಯವರ ನಡುವೆ ಬದುಕಲು ಹೋಗಬೇಕು. 1996ರ ಜನವರಿಯಲ್ಲಿ ಆಯೋಗವನ್ನೇ ಮುಚ್ಚಿದರು. ಮೇ ತಿಂಗಳಲ್ಲಿ ಮತ್ತೆ ತೆರೆದರು. ಜನ ಮತ್ತೆ ಹೋದರು. 1998ರಲ್ಲಿ ವರದಿ ಬಂತು. ವಿಧಾನಸಭೆಯ ಮುಂದಿಟ್ಟ ಸರ್ಕಾರವೇ ಅದನ್ನು ಒಪ್ಪಲಿಲ್ಲ. ಮುಂದಿನ ಸರ್ಕಾರಗಳು ಒಪ್ಪಿದ್ದೇವೆ ಅಂದವು. ಕಪಾಟು ಮಾತ್ರ ಬದಲಾಯಿತು ಅನ್ನಿಸುತ್ತದೆ.

ಕಾಕನ ಗಲ್ಲಾಪೆಟ್ಟಿಗೆಯ ಕೆಳಗೆ ಒಂದು ಹಸಿರು ಫೈಲು ಇದೆ. ಸುಟ್ಟ ಬೆಂಚು, ಸ್ಟೌವಿನ ಪಂಚನಾಮೆ, ರೇಷನ್ ಕಾರ್ಡಿನ ಜೆರಾಕ್ಸು, ಅಫಿಡವಿಟ್ಟಿನ ಪ್ರತಿ. ಯಾಕೆ ಇಟ್ಟುಕೊಂಡಿದ್ದೀರಿ ಅಂದರೆ, "ಯಾರಾದ್ರೂ ಕೇಳಿದ್ರೆ?" ಎನ್ನುತ್ತಾರೆ.

ಇದೇ ಹೊತ್ತಿಗೆ ಇನ್ನೊಂದು ಕೆಲಸ ನಡೆದಿತ್ತು. 1984ರ ಗಲಭೆಯಲ್ಲಿ ಹೊತ್ತಿ ಉರಿದಿದ್ದ, ಮುಂಬೈ ಹತ್ತಿರದ ಭಿವಂಡಿಯಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿ ಕಟ್ಟಿದ್ದರು. ಎರಡೂ ಧರ್ಮದವರನ್ನು ಪದೇಪದೇ ಒಂದೇ ಚಾಪೆ ಮೇಲೆ ಕೂರಿಸುವುದು, ಅಷ್ಟೇ. 1992ರಲ್ಲಿ ಮುಂಬೈ ಉರಿದಾಗ ಭಿವಂಡಿ ತಣ್ಣಗಿತ್ತು. ಅದನ್ನು ನೋಡಿ ಮುಂಬೈಯಲ್ಲೂ ಸಮಿತಿಗಳು ಹುಟ್ಟಿದವು. ಪೊಲೀಸ್ ಠಾಣೆಗೆ ಕಾಲಿಡಲು ಹೆದರುತ್ತಿದ್ದವರು ಅದೇ ಠಾಣೆಯಲ್ಲಿ ಚಹಾ ಕುಡಿದರು.

'ಸುಮ್ನೆ ಇರ್ತಾರೆ' ಅನ್ನುವವರಿಗೆ 2008ರ ನವೆಂಬರ್ ನೆನಪಿಸಬಹುದು. 26/11ರ ಮುಂಬೈ ದಾಳಿಯಲ್ಲಿ ಸತ್ತ ಒಂಬತ್ತು ಬಂದೂಕುಧಾರಿಗಳಿಗೆ ಮರೀನ್ ಲೈನ್ಸ್‌ನ ಬಡಾ ಕಬರಸ್ತಾನದಲ್ಲಿ ಜಾಗ ಇಲ್ಲ ಎಂದರು ಅದನ್ನು ನೋಡಿಕೊಳ್ಳುವ ಟ್ರಸ್ಟಿನವರು. ಹೆಣಕ್ಕೆ ಮಣ್ಣು ಕೊಡುವುದು ಇಸ್ಲಾಮಿನಲ್ಲಿ ಇಡೀ ಸಮುದಾಯದ ಹೊಣೆ. ಅದನ್ನು ನಿರಾಕರಿಸುವುದು ಸಣ್ಣ ಮಾತಲ್ಲ. ವರ್ಷಕ್ಕೂ ಮೇಲೆ ಶವಾಗಾರದಲ್ಲಿದ್ದ ಆ ಹೆಣಗಳನ್ನು 2010ರ ಜನವರಿಯಲ್ಲಿ ಗುಟ್ಟಾಗಿ ಹೂಳಲಾಯಿತು.

ತಮ್ಮವರ ವಿರುದ್ಧವೇ ಸಾಕ್ಷಿ ಹೇಳುವ ಕಷ್ಟದ ಪಾಠ ಮತ್ತೆ ಬಂದದ್ದು ಹಾಜಿ ಅಲಿ ದರ್ಗಾದಲ್ಲಿ. ಮಜಾರಿನ (ಸಂತರ ಸಮಾಧಿಯ) ಹತ್ತಿರ ಹೆಂಗಸರು ಬರುವಂತಿಲ್ಲ ಎಂದಾಗ ಭಾರತೀಯ ಮುಸ್ಲಿಂ ಮಹಿಳಾ ಆಂದೋಲನದವರು ಹೈಕೋರ್ಟಿಗೆ ಹೋದರು. 2016ರ ಆಗಸ್ಟ್ 26ರಂದು ಗೆದ್ದರು, ನವೆಂಬರಿನಲ್ಲಿ ಒಳಗೆ ಹೋದರು. 'ಮನೆ ಜಗಳ ಕೋರ್ಟಿಗೆ ಯಾಕೆ' ಎಂದು ಗೊಣಗಿದವರು ಡೋಂಗ್ರಿಯಲ್ಲೂ ಇದ್ದರು. ನಮ್ಮ ಕಾಕ ಕೂಡ.

ಇನ್ನು ಗಲಭೆಯ ಲೆಕ್ಕ. ಆಗ ಕಾಣೆಯಾದವರು 168 ಜನ. ಪರಿಹಾರ ಸಿಕ್ಕಿದ್ದು 60 ಮನೆಗಳಿಗೆ. ಉಳಿದ 108 ಕುಟುಂಬಗಳನ್ನು ಹುಡುಕಿ, 2 ಲಕ್ಷ ರೂಪಾಯಿಯನ್ನು ಶೇ 9ರ ಬಡ್ಡಿ ಸಮೇತ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ನವೆಂಬರಿನಲ್ಲಿ. ಹುಡುಕುವ ಕೆಲಸದ ಮೇಲೆ ನಿಗಾ ಇಡಲು ಒಂದು ಸಮಿತಿಯೂ ಆಯಿತು.

ಕಾಕನ ಹೋಟೆಲಿಗೆ ದಿನಾ ಬರುತ್ತಿದ್ದ ಒಬ್ಬ ದರ್ಜಿ 1993ರ ಜನವರಿಯ ನಂತರ ಬರಲಿಲ್ಲ. ಅವನ ಹೆಸರು, ಊರು ಎರಡೂ ಹಳೆಯ ಸಾಲದ ಪುಸ್ತಕದಲ್ಲಿವೆ, 31 ರೂಪಾಯಿ ಬಾಕಿಯ ಜೊತೆ. ಮೊನ್ನೆ ತೆಗೆದು ತೋರಿಸಿದರು. ಮಳೆನೀರು ಬಿದ್ದು ಊರಿನ ಹೆಸರು ಅಳಿಸಿದೆ. ಜಿಲ್ಲೆ ಮಾತ್ರ ಓದಲು ಬರುತ್ತದೆ.