ಮ್ಯಾನೇಜರ್ ಬೇರೆ, ಹೆಡ್ ಕೋಚ್ ಬೇರೆ

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬು ಸಾಲಾಗಿ ನಾಲ್ಕು ಪಂದ್ಯ ಸೋತರೆ ಸಾಕು, ‘ಮುಂದಿನ ಮ್ಯಾನೇಜರ್ ಯಾರಾಗಬೇಕು’ ಎಂಬ ಚರ್ಚೆ ಹೊತ್ತಿಕೊಳ್ಳುತ್ತದೆ. ಇವನು ಬಂದರೆ ವಯಸ್ಸಾದ ಡಿಫೆಂಡರ್‌ಗಳನ್ನೆಲ್ಲ ಮಾರಿ ಹಾಕುತ್ತಾನೆ, ಅವನು ಬಂದರೆ ತನ್ನ ಹಳೇ ಕ್ಲಬ್ಬಿನ ಮಿಡ್‌ಫೀಲ್ಡರ್‌ನ ಕರೆಸಿಕೊಳ್ಳುತ್ತಾನೆ, ಮತ್ತೊಬ್ಬ ಬಂದರೆ ಅಕಾಡೆಮಿಯನ್ನೇ ತಲೆಕೆಳಗು ಮಾಡುತ್ತಾನೆ ಎಂದು ಒಬ್ಬೊಬ್ಬರದು ಒಂದೊಂದು ಲೆಕ್ಕ. ವಾದ ಮಾಡುವವರಿಗೆ ಆಟ ಗೊತ್ತಿಲ್ಲ ಅಂತಲ್ಲ. ಫಾರ್ಮೇಶನ್, ಪ್ರೆಸ್ಸಿಂಗ್, ಬಿಲ್ಡ್‌ಅಪ್ ಎಲ್ಲ ನಾಲಿಗೆ ತುದಿಯಲ್ಲಿರುತ್ತದೆ. ಆದರೆ ಎಷ್ಟೋ ಸಲ ಅವರ ಕ್ಲಬ್ಬಿನಲ್ಲಿ ಖಾಲಿ ಇರುವುದು ಮ್ಯಾನೇಜರ್ ಹುದ್ದೆಯೇ ಅಲ್ಲ. ಅಲ್ಲಿರುವುದು ಹೆಡ್ ಕೋಚ್ ಹುದ್ದೆ. ಆ ಕುರ್ಚಿಯಲ್ಲಿ ಕೂತವರು ಆಟಗಾರರನ್ನು ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ.

ಆರ್ನೆ ಸ್ಲಾಟ್ 2024ರಲ್ಲಿ ಲಿವರ್‌ಪೂಲ್‌ಗೆ ಬಂದದ್ದು ಹೆಡ್ ಕೋಚ್ ಆಗಿ. ಅದೇ ವರ್ಷ ನವೆಂಬರಿನಲ್ಲಿ ರೂಬೆನ್ ಅಮೊರಿಮ್ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ್ದೂ ಹೆಡ್ ಕೋಚ್ ಆಗಿ. ಅವರ ಹಿಂದಿನವರಾದ ಯೂರ್ಗನ್ ಕ್ಲಾಪ್ ಮತ್ತು ಎರಿಕ್ ಟೆನ್ ಹಾಗ್ ಇಬ್ಬರೂ ಮ್ಯಾನೇಜರ್‌ಗಳು. ಎರಡು ದೊಡ್ಡ ಕ್ಲಬ್ಬುಗಳು ಒಂದೇ ವರ್ಷದಲ್ಲಿ ಹುದ್ದೆಯ ಹೆಸರನ್ನೇ ಬದಲಿಸಿದವು, ಆದರೂ ನಮ್ಮ ಚರ್ಚೆಯಲ್ಲಿ, ಎಷ್ಟೋ ಕನ್ನಡ ವರದಿಗಳಲ್ಲಿ ಕೂಡ, ಎಲ್ಲರೂ ಇನ್ನೂ ಮ್ಯಾನೇಜರ್‌ಗಳೇ. ಇದನ್ನು ಬರೀ ಹೆಸರಿನ ವಿಷಯ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರ. ಹೆಸರಿನ ಹಿಂದೆ ಒಂದು ಕರಾರುಪತ್ರ ಇರುತ್ತದೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಇಲ್ಲಿ ಇನ್ನೊಂದು ತೊಡಕು. ಕ್ರಿಕೆಟ್ಟಿನಲ್ಲಿ ಟೀಮ್ ಮ್ಯಾನೇಜರ್ ಎಂದರೆ ಪ್ರಯಾಣ, ವಸತಿ, ಶಿಸ್ತು, ಕಾಗದಪತ್ರ ನೋಡಿಕೊಳ್ಳುವ ಅಧಿಕಾರಿ. ಆಟ ಕಲಿಸುವುದು ಕೋಚ್ ಕೆಲಸ. ಇಂಗ್ಲೆಂಡಿನ ಫುಟ್‌ಬಾಲ್ ಮ್ಯಾನೇಜರ್‌ಗೆ ಈ ಅರ್ಥ ಹೊಂದುವುದೇ ಇಲ್ಲ. ಆತನನ್ನು ‘ತಂಡದ ವ್ಯವಸ್ಥಾಪಕ’ ಎಂದು ಬರೆದ ಕೂಡಲೇ ಓದುವವರ ಕಣ್ಣಿಗೆ ಟಿಕೆಟ್ ಬುಕ್ ಮಾಡಿಸುವ ಮನುಷ್ಯ ಬಂದು ನಿಲ್ಲುತ್ತಾನೆ. ಇದಕ್ಕಿಂತ ಮ್ಯಾನೇಜರ್ ಎಂದೇ ಬಿಡುವುದು ವಾಸಿ.

ಈಗ ಪದಗಳ ಬೇರಿಗೆ ಬರೋಣ. ಮ್ಯಾನೇಜರ್ ಪದ ಬಂದದ್ದು ಕುದುರೆ ಪಳಗಿಸುವವರ ಅಂಗಳದಿಂದ. ಲ್ಯಾಟಿನ್ನಿನಲ್ಲಿ ‘ಮಾನುಸ್’ ಎಂದರೆ ಕೈ. ಅದು ಇಟಾಲಿಯನ್ನಿನಲ್ಲಿ ‘ಮಾನೊ’ ಆಯಿತು, ಅದರಿಂದ ‘ಮನೆಜ್ಜಾರೆ’ ಎಂಬ ಕ್ರಿಯಾಪದ ಹುಟ್ಟಿತು: ಕೈಯಲ್ಲಿ ಹಿಡಿದು ನಡೆಸು, ಅದರಲ್ಲೂ ಕುದುರೆಯನ್ನು ಪಳಗಿಸು. 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಇದೇ ಅರ್ಥ ಇತ್ತು. ಕುದುರೆಗೆ ಹೆಜ್ಜೆ ಕಲಿಸುವ ಶಾಲೆಗೆ ಫ್ರೆಂಚರು ಇಂದಿಗೂ ‘ಮನೆಜ್’ ಎನ್ನುತ್ತಾರೆ, ಅದೂ ಇದೇ ಬಳ್ಳಿಯ ಕಾಯಿ. ಆಮೇಲೆ ಇದರ ಜೊತೆಗೆ ಫ್ರೆಂಚಿನ ‘ಮೆನಾಜೆ’ಯ ಅರ್ಥಛಾಯೆ ಸೇರಿಕೊಂಡಿತು. ಅದರ ಮೂಲ ಬೇರೆ. ಮನೆವಾರ್ತೆ ನೋಡಿಕೊಳ್ಳು, ಇರುವುದರಲ್ಲಿ ಹಿತಮಿತವಾಗಿ ನಿಭಾಯಿಸು ಎಂಬುದು ಅದರ ಹುರುಳು. ಲಗಾಮು ಹಿಡಿಯುವುದು ಒಂದು ಕಡೆ, ಮನೆವಾರ್ತೆ ಇನ್ನೊಂದು ಕಡೆ. ಇಂಗ್ಲಿಷ್ ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ಈ ಎರಡೂ ಇವೆ: ಆಟಗಾರರನ್ನು ಪಳಗಿಸಬೇಕು, ಯಾರನ್ನು ಎಷ್ಟಕ್ಕೆ ಕೊಳ್ಳಬೇಕು ಎಂದೂ ನೋಡಬೇಕು.

ಕೋಚ್ ಪದದ ಕಥೆ ಇನ್ನೂ ಸೊಗಸು. ಹಂಗೆರಿಯಲ್ಲಿ ಕೊಚ್ ಎಂಬ ಹಳ್ಳಿಯಿದೆ. ಅಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿಗಳು ಹಗುರಾಗಿ, ವೇಗವಾಗಿ ಓಡುತ್ತಿದ್ದುದರಿಂದ ಊರಿನ ಹೆಸರೇ ಗಾಡಿಗೆ ಅಂಟಿತು. ಹಂಗೆರಿಯನ್ನಿನ ‘ಕೊಚಿ’ ಎಂದರೆ ಕೊಚ್ ಊರಿನದು ಎಂದಷ್ಟೇ ಅರ್ಥ. ಅದೇ ಜರ್ಮನ್ನಿನಲ್ಲಿ ‘ಕುಟ್ಶೆ’, ಸ್ಪ್ಯಾನಿಷ್‌ನಲ್ಲಿ ‘ಕೊಚೆ’, ಇಂಗ್ಲಿಷಿನಲ್ಲಿ ‘ಕೋಚ್’ ಆಯಿತು. ನಾವು ರೈಲಿನಲ್ಲಿ ಹುಡುಕಿಕೊಂಡು ಹೋಗುವ ಸ್ಲೀಪರ್ ಕೋಚ್ ಕೂಡ ಆ ಹಳ್ಳಿಯದೇ ಸಂತಾನ. ಗಾಡಿ ಮನುಷ್ಯನಾದದ್ದು 1830ರ ಸುಮಾರಿಗೆ, ಆಕ್ಸ್‌ಫರ್ಡ್ ವಿದ್ಯಾರ್ಥಿಗಳ ಆಡುಮಾತಿನಲ್ಲಿ. ಪರೀಕ್ಷೆಯನ್ನು ಹೇಗಾದರೂ ದಾಟಿಸಿಬಿಡುವ ಖಾಸಗಿ ಮೇಷ್ಟರನ್ನು ಹುಡುಗರು ಕೋಚ್ ಎಂದು ಕರೆದರು. ಅಲ್ಲಿಂದ ಮೂರು ದಶಕದಲ್ಲಿ ಪದ ಆಟದ ಅಂಗಳಕ್ಕೆ ಬಂತು.

ಪದದ ಬೇರು ಹಿಡಿದು ಇವತ್ತಿನ ಅರ್ಥ ತೀರ್ಮಾನಿಸಬಾರದು, ನಿಜ. ಆದರೆ ಇಲ್ಲಿ ಹಳೇ ವ್ಯತ್ಯಾಸ ಅಳಿಸಿಯೇ ಹೋಗಿಲ್ಲ. ಕೋಚ್ ಎಂದರೆ ಗುರಿ ಮುಟ್ಟಿಸುವವನು. ಒಳಗೆ ಯಾರು ಕೂರಬೇಕು ಎಂದು ತೀರ್ಮಾನಿಸುವುದು ಅವನ ಕೆಲಸವಲ್ಲ. ಅದು ಲಗಾಮೂ ಲೆಕ್ಕವೂ ಕೈಯಲ್ಲಿರುವವನ ಕೆಲಸ.

ಆ ಲಗಾಮು ಮ್ಯಾನೇಜರ್ ಕೈಗೆ ಸುಲಭವಾಗಿ ಬರಲಿಲ್ಲ. ಮೊದಮೊದಲು ಇಂಗ್ಲಿಷ್ ಕ್ಲಬ್ಬುಗಳಲ್ಲಿ ಇದ್ದದ್ದು ಸೆಕ್ರೆಟರಿ ಮ್ಯಾನೇಜರ್. ಪತ್ರವ್ಯವಹಾರ, ಲೆಕ್ಕ, ಪಂದ್ಯದ ಏರ್ಪಾಡು ಆತನದು. ಶನಿವಾರ ಯಾರು ಆಡಬೇಕು ಎಂಬುದನ್ನು ಸಾಮಾನ್ಯವಾಗಿ ಆಡಳಿತ ಮಂಡಳಿಯ ನಿರ್ದೇಶಕರು ಕೂತು ಬರೆಯುತ್ತಿದ್ದರು. ಇದನ್ನು ಮುರಿದವರಲ್ಲಿ ದೊಡ್ಡ ಹೆಸರು ಹರ್ಬರ್ಟ್ ಚಾಪ್‌ಮನ್. ಹಡರ್ಸ್‌ಫೀಲ್ಡ್‌ಗೆ 1924 ಮತ್ತು 1925ರಲ್ಲಿ ಲೀಗ್ ಗೆಲ್ಲಿಸಿ, ಆಮೇಲೆ ಆರ್ಸೆನಲ್‌ಗೆ ಹೋಗಿ ಅಲ್ಲೂ 1931 ಮತ್ತು 1933ರಲ್ಲಿ ಗೆಲ್ಲಿಸಿದವರು. ತಂಡದ ಆಯ್ಕೆ ತನ್ನದೇ ಎಂಬುದರಲ್ಲಿ ಅವರು ರಾಜಿಯಾಗಲಿಲ್ಲ. 1945ರಲ್ಲಿ ಮ್ಯಾಟ್ ಬಸ್ಬಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬರುವಾಗ ತರಬೇತಿ, ಆಯ್ಕೆ, ಖರೀದಿ ಮೂರೂ ತನ್ನ ಕೈಯಲ್ಲಿರಬೇಕು ಎಂದು ಕೇಳಿ ಪಡೆದುಕೊಂಡರು. ರಾಷ್ಟ್ರೀಯ ತಂಡದಲ್ಲಂತೂ ಇದು ಇನ್ನೂ ತಡ. 1946ರಿಂದ 1962ರವರೆಗೆ ಇಂಗ್ಲೆಂಡಿನ ಮ್ಯಾನೇಜರ್ ಆಗಿದ್ದ ವಾಲ್ಟರ್ ವಿಂಟರ್‌ಬಾಟಮ್ ಅವರಿಗೆ ಹನ್ನೊಂದು ಜನರನ್ನು ಆರಿಸುವ ಅಧಿಕಾರ ಇರಲಿಲ್ಲ, ಅದು ಸಮಿತಿಯದು. ಅವರ ನಂತರದ ಆಲ್ಫ್ ರ‍್ಯಾಮ್ಸಿ ಆಯ್ಕೆ ಪೂರ್ತಿ ತನಗೆ ಬಿಟ್ಟರೆ ಮಾತ್ರ ಬರುತ್ತೇನೆ ಎಂದರು. 1966ರಲ್ಲಿ ವಿಶ್ವಕಪ್ ಬಂತು.

ಹೀಗೆ ಗುದ್ದಾಡಿ ಗಳಿಸಿದ ಅಧಿಕಾರದ ತುದಿ ಅಲೆಕ್ಸ್ ಫರ್ಗ್ಯುಸನ್ ಮತ್ತು ಆರ್ಸೆನ್ ವೆಂಗರ್. 1986ರಿಂದ 2013ರವರೆಗೆ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಒಬ್ಬರು, 1996ರಿಂದ 2018ರವರೆಗೆ ಆರ್ಸೆನಲ್‌ನಲ್ಲಿ ಇನ್ನೊಬ್ಬರು. ಮ್ಯಾನೇಜರ್ ಎಂದ ಕೂಡಲೇ ಹೆಚ್ಚಿನವರ ತಲೆಯಲ್ಲಿ ಮೂಡುವುದು ಇವರ ಚಿತ್ರವೇ. ನಮ್ಮ ಚರ್ಚೆಗಳು ದಾರಿ ತಪ್ಪುವುದೂ ಇಲ್ಲೇ, ಏಕೆಂದರೆ ಅಂಥ ಹುದ್ದೆ ಈಗ ಬಹುಪಾಲು ದೊಡ್ಡ ಕ್ಲಬ್ಬುಗಳಲ್ಲಿ ಇಲ್ಲ. ಫರ್ಗ್ಯುಸನ್ ಅವರ ಯುನೈಟೆಡ್ ಕೂಡ 2021ರಲ್ಲಿ ಮೊದಲ ಬಾರಿಗೆ ಖರೀದಿಯಂಥ ವಿಷಯ ನೋಡಿಕೊಳ್ಳುವ ಒಬ್ಬ ಫುಟ್‌ಬಾಲ್ ಡೈರೆಕ್ಟರ್‌ನನ್ನು ನೇಮಿಸಿಕೊಂಡಿತು.

ಯುರೋಪಿನ ಉಳಿದೆಡೆ ಈ ಗೊಂದಲ ಕಡಿಮೆ. ಇಟಲಿಯಲ್ಲಿ ‘ಅಲ್ಲೆನತೋರೆ’, ಸ್ಪೇನಿನಲ್ಲಿ ‘ಎಂತ್ರೆನದೋರ್’, ಜರ್ಮನಿಯಲ್ಲಿ ‘ಟ್ರೇನರ್’: ಎಲ್ಲವೂ ತರಬೇತಿ ಕೊಡುವವನು ಎಂದೇ ಹೇಳುತ್ತವೆ. ಖರೀದಿ ನೋಡಿಕೊಳ್ಳಲು ಸ್ಪೋರ್ಟಿಂಗ್ ಡೈರೆಕ್ಟರ್ ಬೇರೆಯೇ ಇರುತ್ತಾರೆ. ಫ್ರಾನ್ಸಿನಲ್ಲಿ ರಾಷ್ಟ್ರೀಯ ತಂಡದವರನ್ನು ‘ಸೆಲೆಕ್ಸಿಯೊನರ್’ ಎನ್ನುತ್ತಾರೆ, ಆರಿಸುವವನು ಎಂದು. ದೇಶದ ತಂಡಕ್ಕೆ ಆಟಗಾರರನ್ನು ಕೊಳ್ಳಲಾಗುವುದಿಲ್ಲ, ಆರಿಸಬಹುದಷ್ಟೇ. ಇಟಲಿಯ ಆಟಗಾರರು ತಮ್ಮ ಕೋಚ್‌ನನ್ನು ‘ಮಿಸ್ಟರ್’ ಎಂದು ಕರೆಯುವುದು ಬೇರೆಯೇ ಕಥೆ. 1912ರಲ್ಲಿ ಜೆನೊವಾ ಕ್ಲಬ್ಬಿಗೆ ಬಂದ ಇಂಗ್ಲಿಷಿನವ ವಿಲಿಯಂ ಗಾರ್ಬಟ್ ಅವರಿಂದ ಆ ರೂಢಿ ಬಂತು ಎನ್ನುತ್ತಾರೆ.

ಮ್ಯಾನೇಜರ್ ಎಂಬ ಪದಕ್ಕೆ ನಿಜಕ್ಕೂ ತೂಕ ಇದೆಯೇ ಎಂದು ಕೇಳುವವರು ಕೆವಿನ್ ಕೀಗನ್ ಪ್ರಕರಣವನ್ನು ನೋಡಬೇಕು. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಅಲ್ಲಿದೆ. 2008ರ ಜನವರಿಯಲ್ಲಿ ಕೀಗನ್ ನ್ಯೂಕ್ಯಾಸಲ್ ಯುನೈಟೆಡ್‌ಗೆ ಮ್ಯಾನೇಜರ್ ಆಗಿ ಮರಳಿದರು. ಕೆಲವೇ ದಿನಗಳಲ್ಲಿ ಕ್ಲಬ್ಬು ಡೆನಿಸ್ ವೈಸ್ ಅವರನ್ನು ಫುಟ್‌ಬಾಲ್ ವ್ಯವಹಾರದ ಕಾರ್ಯಕಾರಿ ನಿರ್ದೇಶಕರನ್ನಾಗಿ ತಂದಿತು. ಆ ಬೇಸಿಗೆಯ ಖರೀದಿ ಅವಧಿಯ ಕೊನೆಯಲ್ಲಿ ವೈಸ್ ಫೋನ್ ಮಾಡಿ, ಇಗ್ನಾಸಿಯೊ ಗೊನ್ಸಾಲೆಸ್ ಎಂಬ ಉರುಗ್ವೆ ಆಟಗಾರನಿದ್ದಾನೆ, ಯೂಟ್ಯೂಬಿನಲ್ಲಿ ನೋಡಿ ಎಂದರು. ಕೀಗನ್ ಹುಡುಕಿ ನೋಡಿದರು. ಸಿಕ್ಕಿದ ತುಣುಕುಗಳು ಏನೂ ಹೇಳುವಂತಿರಲಿಲ್ಲ. ಬೇಡ ಎಂದರು. ಆದರೂ ಆ ಆಟಗಾರ ಸಾಲದ ಮೇಲೆ, ಅಂದರೆ ಇನ್ನೊಂದು ಕ್ಲಬ್ಬಿನಿಂದ ತಾತ್ಕಾಲಿಕವಾಗಿ, ಬಂದ. ಸೆಪ್ಟೆಂಬರಿನಲ್ಲಿ ಕೀಗನ್ ರಾಜೀನಾಮೆ ಕೊಟ್ಟರು.

ವಿಷಯ ಪ್ರೀಮಿಯರ್ ಲೀಗಿನ ಮಧ್ಯಸ್ಥಿಕೆ ಮಂಡಳಿಗೆ ಹೋಯಿತು. ಕೊನೆಯ ಮಾತು ಯಾರದು ಎಂದು ಕೀಗನ್ ಅವರ ಕರಾರಿನಲ್ಲಿ ಬಿಡಿಸಿ ಬರೆದಿರಲಿಲ್ಲ. ಪ್ರೀಮಿಯರ್ ಲೀಗ್ ತಂಡದ ಮ್ಯಾನೇಜರ್ ಹುದ್ದೆಗೆ ಸಾಮಾನ್ಯವಾಗಿ ಸೇರುವ ಕೆಲಸಗಳನ್ನು ಮಾಡತಕ್ಕದ್ದು ಎಂಬಂಥ ಮಾತಷ್ಟೇ ಇತ್ತು. ಹಾಗಾದರೆ ಆ ಹುದ್ದೆಗೆ ಏನೇನು ಸೇರುತ್ತದೆ? ಪ್ರಶ್ನೆ ನೇರವಾಗಿ ಪದದ ಅರ್ಥಕ್ಕೇ ಬಂದು ನಿಂತಿತು. ಬೇರೆ ಷರತ್ತು ಸ್ಪಷ್ಟವಾಗಿ ಬರೆಯದಿದ್ದ ಮೇಲೆ ಖರೀದಿಯಲ್ಲಿ ಕೊನೆಯ ಮಾತು ಮ್ಯಾನೇಜರ್‌ನದೇ ಎಂದು ಮಂಡಳಿ 2009ರ ಅಕ್ಟೋಬರಿನಲ್ಲಿ ಹೇಳಿತು. ಕೀಗನ್ ಅವರಿಗೆ 20 ಲಕ್ಷ ಪೌಂಡ್ ಪರಿಹಾರ ಸಿಕ್ಕಿತು. ವಿಚಾರಣೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಕೊನೆಯ ಮಾತು ಕೀಗನ್ ಅವರದೇ ಎಂದು ಕ್ಲಬ್ಬು ಹೊರಗೆ ಮತ್ತೆ ಮತ್ತೆ ಹೇಳಿಕೊಂಡು ಬಂದಿತ್ತು. ಅದು ಬರೀ ಪ್ರಚಾರಕ್ಕೆ ಆಡಿದ ಮಾತು, ನಿಜವಲ್ಲ ಎಂದು ಮಂಡಳಿಯ ಮುಂದೆ ಕ್ಲಬ್ಬೇ ವಾದಿಸಿತು. ಅಭಿಮಾನಿಗಳು ಅಷ್ಟು ದಿನ ನಂಬಿದ್ದು ಆ ಮಾತನ್ನೇ ಎಂಬುದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಕೀಗನ್ ರಾಜೀನಾಮೆ ಕೊಟ್ಟ ಅದೇ 2008ರ ಸೆಪ್ಟೆಂಬರಿನಲ್ಲಿ ಅಲನ್ ಕರ್ಬಿಷ್ಲಿ, ತನ್ನ ಒಪ್ಪಿಗೆ ಇಲ್ಲದೆ ಆಟಗಾರರನ್ನು ಮಾರಿದರು ಎಂದು ವೆಸ್ಟ್ ಹ್ಯಾಮ್ ಕ್ಲಬ್ಬಿನ ಮ್ಯಾನೇಜರ್ ಹುದ್ದೆ ಬಿಟ್ಟಿದ್ದರು. ಅವರೂ 2009ರಲ್ಲಿ ಗೆದ್ದರು. ಇಂಥ ತೀರ್ಪುಗಳಾದ ಮೇಲೆ ಕ್ಲಬ್ಬುಗಳು ಹೆಡ್ ಕೋಚ್ ಎಂಬ ಹೆಸರನ್ನು ಯಾಕೆ ಇಷ್ಟಪಡುತ್ತವೆ ಎಂದು ಬಿಡಿಸಿ ಹೇಳಬೇಕಿಲ್ಲ.

ಹೆಸರು ಮೇಲಕ್ಕೂ ಏರಬಹುದು. ವೆಂಗರ್ ಹೋದ ಮೇಲೆ ಆರ್ಸೆನಲ್ ಉನಾಯ್ ಎಮೆರಿ ಅವರನ್ನು ಹೆಡ್ ಕೋಚ್ ಆಗಿ ತಂದಿತು. 2019ರ ಡಿಸೆಂಬರಿನಲ್ಲಿ ಮಿಕೆಲ್ ಆರ್ಟೆಟಾ ಬಂದದ್ದೂ ಹೆಡ್ ಕೋಚ್ ಆಗಿಯೇ. 2020ರ ಆಗಸ್ಟಿನಲ್ಲಿ ಎಫ್‌ಎ ಕಪ್ ಗೆದ್ದ ಮರುತಿಂಗಳು ಕ್ಲಬ್ಬು ಅವರನ್ನು ಮ್ಯಾನೇಜರ್ ಎಂದು ಘೋಷಿಸಿತು, ಟೆಕ್ನಿಕಲ್ ಡೈರೆಕ್ಟರ್ ಎಡು ಜೊತೆಗೂಡಿ ತಂಡ ಕಟ್ಟುವ ಹೊಣೆ ಕೊಟ್ಟಿತು. ವ್ಯಕ್ತಿ ಅವರೇ, ಮೈದಾನ ಅದೇ, ಬದಲಾದದ್ದು ಕೈಗೆ ಬಂದ ಅಧಿಕಾರ.

ಹಾಗಂತ ಮ್ಯಾನೇಜರ್ ಎಂಬ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಒಬ್ಬರದೇ ನಿರ್ಧಾರ ಎಂದುಕೊಳ್ಳುವುದೂ ತಪ್ಪು. ಕ್ಲಾಪ್ ಪೂರ್ತಿ ಮ್ಯಾನೇಜರ್ ಆಗಿದ್ದವರು, ಆದರೂ 2017ರಲ್ಲಿ ಅವರ ಮನಸ್ಸಿದ್ದದ್ದು ಜರ್ಮನಿಯ ಯೂಲಿಯನ್ ಬ್ರಾಂಟ್ ಮೇಲೆ. ಮೊಹಮ್ಮದ್ ಸಲಾ ಅವರನ್ನೇ ತರೋಣ ಎಂದು ಬೆನ್ನುಬಿಡದೆ ಹೇಳಿದ್ದು ಸ್ಪೋರ್ಟಿಂಗ್ ಡೈರೆಕ್ಟರ್ ಮೈಕೆಲ್ ಎಡ್ವರ್ಡ್ಸ್ ಮತ್ತು ಅವರ ಬಳಗ. ಕ್ಲಾಪ್ ಕೇಳಿದರು, ಒಪ್ಪಿದರು, ಅದನ್ನು ಮುಕ್ತವಾಗಿ ಹೇಳಿಕೊಂಡರು ಕೂಡ. ಒಳ್ಳೆಯ ಮ್ಯಾನೇಜರ್ ಎಂದರೆ ಹೀಗಿರಬೇಕು ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಮುಂದಿನವರು ಯಾರು ಎಂದು ವಾದಕ್ಕೆ ಇಳಿಯುವ ಮೊದಲು ನಿಮ್ಮ ಕ್ಲಬ್ಬಿನ ಪ್ರಕಟಣೆಯಲ್ಲಿ ಹುದ್ದೆಗೆ ಏನೆಂದು ಬರೆದಿದ್ದಾರೆ ನೋಡಿ. ಹೆಡ್ ಕೋಚ್ ಎಂದಿದ್ದರೆ, ಇರುವ ಆಟಗಾರರನ್ನು ಯಾರು ಚೆನ್ನಾಗಿ ಆಡಿಸುತ್ತಾರೆ ಎಂಬುದಷ್ಟೇ ಪ್ರಶ್ನೆ. ‘ಅವನಿಗೆ ಎರಡು ವರ್ಷ ಕೊಡಿ, ತಂಡ ಕಟ್ಟುತ್ತಾನೆ’ ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ, ಕಟ್ಟುವವರು ಬೇರೆ. ಬ್ಯಾಕ್‌ ತ್ರೀ (ಹಿಂದೆ ಮೂವರು ಡಿಫೆಂಡರ್‌ಗಳು) ಆಡಿಸುವವನನ್ನು ಬ್ಯಾಕ್‌ ಫೋರ್‌ಗೆಂದು ಕೊಂಡ ತಂಡಕ್ಕೆ ತಂದು, ಸೋತಾಗ ಅವನೊಬ್ಬನನ್ನೇ ಬೈಯುವುದೂ ನ್ಯಾಯವಲ್ಲ. ಸ್ಪೋರ್ಟಿಂಗ್ ಡೈರೆಕ್ಟರ್ ಯಾರಾಗಬೇಕು ಎಂದು ಇದರ ಕಾಲುಭಾಗ ಬಿಸಿಯಲ್ಲಿ ಚರ್ಚೆಯಾಗಿದ್ದನ್ನು ನಾನಂತೂ ಕಂಡಿಲ್ಲ, ಆಗಬೇಕು.

ಕೊನೆಗೆ ‘ಹಂಗಾಮಿ’. ಕನ್ನಡದಲ್ಲಿ ಕೇರ್‌ಟೇಕರ್‌ಗೂ ಇಂಟರಿಮ್‌ಗೂ ಇದೊಂದೇ ಪದ ಓಡಾಡುತ್ತದೆ. ಇಂಗ್ಲೆಂಡಿನ ಕ್ಲಬ್ಬುಗಳೂ ಎರಡನ್ನೂ ಬೆರೆಸುವುದುಂಟು, ಆದರೆ ರೂಢಿಯಲ್ಲಿ ವ್ಯತ್ಯಾಸ ಇದೆ. ಕೇರ್‌ಟೇಕರ್ ಎಂದರೆ ಸಾಮಾನ್ಯವಾಗಿ ಒಳಗಿನವರೇ, ಹೊಸಬರು ಸಿಗುವವರೆಗೆ ನಾಲ್ಕಾರು ಪಂದ್ಯ. 2014ರ ಏಪ್ರಿಲಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನಿಂದ ಡೇವಿಡ್ ಮೋಯ್ಸ್ ಹೋದಾಗ ರಯಾನ್ ಗಿಗ್ಸ್ ನಿಂತದ್ದು ಹೀಗೆ. ಇಂಟರಿಮ್ ಎಂದರೆ ಅವಧಿ ಗೊತ್ತು ಮಾಡಿಯೇ ತಂದವರು. 2012ರ ನವೆಂಬರಿನಲ್ಲಿ ರಫಾಯೆಲ್ ಬೆನಿಟೆಸ್ ಸೀಸನ್ ಮುಗಿಯುವವರೆಗೆಂದು ಚೆಲ್ಸಿಗೆ ಬಂದರು. ಆ ಹೆಸರು ಕೊಟ್ಟದ್ದೇ ತಪ್ಪು ಎಂದು ಅವರು ಮರುವರ್ಷ ಬಹಿರಂಗವಾಗಿ ಹೇಳಿದರು, ಯುರೋಪಾ ಲೀಗ್ ಗೆದ್ದುಕೊಟ್ಟು ಹೋದರು. ‘ಹಂಗಾಮಿ’ ಎಂದು ಬರೆಯುವವರು ಪಕ್ಕದಲ್ಲೇ ‘ಹೊಸಬರು ಬರುವವರೆಗೆ’ ಅಥವಾ ‘ಸೀಸನ್ ಮುಗಿಯುವವರೆಗೆ’ ಎಂದು ಸೇರಿಸಿದರೆ ಸಾಕು, ಹೊಸ ಪದ ಹುಡುಕುವ ಅಗತ್ಯವಿಲ್ಲ.