ನೆರಳು: ಯಾವ ನೆರಳು?

ಕೋಲಾರದಲ್ಲಿ ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಮಾರುವ ಪರಿಚಯದವರೊಬ್ಬರು ಮೊನ್ನೆ ಗಾಜಿನ ಜಾಡಿಯ ಫೋಟೊ ಕಳಿಸಿದರು. 'ಜಾಡಿ ಮೇಲೆ ನೆರಳು ಬಿದ್ದಿದೆ, ಹೇಗೆ ತೆಗೆಯೋದು?' ನೋಡಿದರೆ, ಬಿದ್ದಿರುವುದು ಟ್ಯೂಬ್‌ಲೈಟಿನ ಬಿಳಿ ಪಟ್ಟೆ! ಬಿಳಿ ನೆರಳು ಎಲ್ಲಾದರೂ ಉಂಟೇ? ನೆರಳು ಹೋಗಲಿ ಅಂತ ಪಕ್ಕಕ್ಕೆ ಇನ್ನೊಂದು ಬಲ್ಬು ಬೇರೆ ಹಾಕಿದ್ದರು. ಈಗ ಪಟ್ಟೆಯ ಜೊತೆಗೆ ಒಂದು ಚುಕ್ಕೆ.

ತಪ್ಪು ಪೂರ್ತಿ ಅವರದ್ದಲ್ಲ, ಪದದ್ದೂ ಇದೆ. ಹಳಗನ್ನಡದಲ್ಲಿ ಇದು ನೆೞಲ್. ಆಮೇಲೆ ನೆಳಲು, ಈಗ ನೆರಳು. ತಮಿಳಿನ ನಿೞಲ್, ತೆಲುಗಿನ ನೀಡ ಇದರ ಒಡಹುಟ್ಟುಗಳು. ಬೆಳಕಿಗೆ ಅಡ್ಡ ನಿಂತಾಗ ಬೀಳುವ ಕಪ್ಪು, ನೀರಲ್ಲಿ ಕಾಣುವ ಮುಖ, ಮೂರು ಭಾಷೆಯಲ್ಲೂ ಎರಡಕ್ಕೂ ಇದೇ ಪದ. 'ಬಾವೀಲಿ ನೆರಳು ನೋಡ್ಬೇಡ' ಎಂದು ಮುಳಬಾಗಿಲಿನ ನಮ್ಮಜ್ಜಿ ಗದರುತ್ತಿದ್ದರು. ಅವರು 'ಪ್ರತಿಬಿಂಬ' ಅನ್ನಬೇಕಿತ್ತು ಎಂದು ಯಾರೂ ತಿದ್ದಲು ಹೋಗಬೇಡಿ. ಅಜ್ಜಿಯೇ ಸರಿ. ಸಂಸ್ಕೃತದ 'ಛಾಯೆ'ಗೂ ಈ ಎರಡೂ ಅರ್ಥ ಇವೆ. ಅದನ್ನೇ ಹಿಡಿದು ನಾವು ಫೋಟೊವನ್ನು ಛಾಯಾಚಿತ್ರ ಎಂದೆವು. ತಮಿಳರು ನಿೞರ್ಪಡಂ ಎಂದರು. ಗ್ರೀಕ್ ಮೂಲದ 'ಫೋಟೊ'ದಲ್ಲಿ ಇರುವುದು ಬೆಳಕು. ನಮ್ಮ ಪದಗಳಲ್ಲಿ ಇರುವುದು ನೆರಳು!

(ಇನ್ನು ಕೆಲವರು 'ಗಾಜಿನ ಪ್ರತಿಫಲ' ಅಂತ ಬರೆಯುತ್ತಾರೆ. ಪ್ರತಿಫಲ ಅಂದರೆ ದುಡಿದದ್ದಕ್ಕೆ ಸಿಗುವುದು, ಸ್ವಾಮಿ. ಬೆಳಕು ಬಡಿದು ವಾಪಸ್ ಬರುವುದು ಪ್ರತಿಫಲನ.)

ಬಾವಿಯ ಹತ್ತಿರ ನಡೆಯುವ ಪದ ಗಾಜಿನ ಫೋಟೊ ತೆಗೆಯುವಾಗ ಕೈ ಕೊಡುತ್ತದೆ. ನೆರಳಿಗೆ ಮದ್ದು ಬೆಳಕು. ಪ್ರತಿಬಿಂಬ ಹುಟ್ಟುವುದೇ ಬೆಳಕಿನಿಂದ. ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು 4% ಅನ್ನು ಗಾಜಿನ ಒಂದೊಂದು ಮೈಯೂ ವಾಪಸ್ ಕಳಿಸುತ್ತದೆ. ತೀರಾ ಓರೆಯಾಗಿ ಬಿದ್ದರೆ ಇನ್ನೂ ಜಾಸ್ತಿ. ಅಂದಮೇಲೆ ಇನ್ನೊಂದು ಬಲ್ಬು ಹಾಕಿದರೆ ಪಟ್ಟೆಯ ಜೊತೆಗೆ ಚುಕ್ಕೆಯೂ ಬರದೆ ಇನ್ನೇನು? ಇರುವ ಲೈಟನ್ನೂ ಆರಿಸಿ. ಕಿಟಕಿಗೆ ಬಿಳಿ ಪಂಚೆಯನ್ನೋ ಬಟರ್ ಪೇಪರನ್ನೋ ಕಟ್ಟಿ. ಖಾಲಿ ಲೋಟ, ಪಾನಕದ ಲೋಟ ಆದರೆ ಕಿಟಕಿ ಅದರ ಹಿಂದಿರಲಿ. ಉಪ್ಪಿನಕಾಯಿ ಜಾಡಿಗೆ ಹಾಗೆ ಮಾಡಿದರೆ ಮಸಿ ಮುದ್ದೆಯಂತೆ ಕಾಣುತ್ತದೆ. ಅದಕ್ಕೆ ಕಿಟಕಿ ಪಕ್ಕದಲ್ಲಿರಬೇಕು.

ಖಾಲಿ ಲೋಟವನ್ನು ಬಿಳಿ ಪಂಚೆಯ ಎದುರು ಇಟ್ಟಾಗ ಅಂಚಿನಲ್ಲಿ ಕಪ್ಪು ಗೆರೆ ಕಾಣುತ್ತದಲ್ಲ, ಅದನ್ನೂ ನೆರಳು ಅನ್ನುವವರಿದ್ದಾರೆ. ಅದು ವಕ್ರೀಭವನ. ಅಂಚಿನ ಗಾಜು ಬೆಳಕನ್ನು ಬಗ್ಗಿಸಿ, ಪಂಚೆಯ ಆಚೆಗಿನ ಕತ್ತಲನ್ನು ತೋರಿಸುತ್ತಿದೆ. ದಯವಿಟ್ಟು ಅದನ್ನು ತೆಗೆಯಲು ಹೋಗಬೇಡಿ. ಲೋಟಕ್ಕೆ ಆಕಾರ ಕೊಡುವುದೇ ಆ ಗೆರೆ. ಫ್ರೇಮಿನ ಹೊರಗೆ ಎರಡೂ ಕಡೆ ಕಪ್ಪು ಡ್ರಾಯಿಂಗ್ ಶೀಟ್ ನಿಲ್ಲಿಸಿದರೆ ಗೆರೆ ಇನ್ನೂ ದಪ್ಪವಾಗುತ್ತದೆ. ಹಿಂದೆ ಕಪ್ಪು ಶೀಟ್ ಇಟ್ಟು ಅದರ ಸುತ್ತಲಿಂದ ಕಿಟಕಿಯ ಬೆಳಕು ಬರುವಂತೆ ಮಾಡಿದರೆ ಗೆರೆ ಬೆಳ್ಳಗಾಗುತ್ತದೆ. ನನಗೆ ಇದೇ ಇಷ್ಟ.

ಉಪ್ಪಿನಕಾಯಿಯವರು ಎರಡು ದೀಪವನ್ನೂ ಆರಿಸಿ ಮತ್ತೆ ಫೋಟೊ ಕಳಿಸಿದರು. ಪಟ್ಟೆ ಹೋಗಿತ್ತು. ಜಾಡಿಯ ಹೊಟ್ಟೆಯಲ್ಲಿ ಬಿಳಿ ಅಂಗಿ ಹಾಕಿಕೊಂಡು, ಫೋನ್ ಹಿಡಿದು ನಿಂತ ಅವರೇ ಕಾಣುತ್ತಿದ್ದರು. 'ಈಗ ನನ್ನ ನೆರಳು ಬಿದ್ದಿದೆ ನೋಡಿ' ಎಂದರು. ಅಜ್ಜಿ ನೆನಪಾದರು, ತಿದ್ದಲಿಲ್ಲ. ಕಪ್ಪು ಅಂಗಿ ಹಾಕಿಕೊಳ್ಳಿ ಎಂದೆ.