ಕರೆಂಟು ಹೋದರೆ ಸುಮ್ಮನಿರುವ ಮಗು, ಅಮ್ಮ ಮೊಬೈಲು ಕೇಳಿದರೆ ಯಾಕೆ ರಂಪ ಮಾಡುತ್ತದೆ?

ಆರಿದ್ರೆ, ಪುನರ್ವಸು ಮಳೆ ಹಿಡಿದುಕೊಂಡಿತೆಂದರೆ ಮೂಡಿಗೆರೆ, ಸಕಲೇಶಪುರದ ಕಡೆ ಶಾಲೆಗೆ ಮಳೆ ರಜೆ ಮಾಮೂಲು. ಅಂಗಳಕ್ಕೆ ಇಳಿಯುವಂತಿಲ್ಲ, ಮಕ್ಕಳ ಕೈಗೆ ಮೊಬೈಲು ಬರುತ್ತದೆ. ವಾಪಸ್ ಕೇಳಿದಾಗ ಶುರು ರಂಪ. ಅದೇ ಮಗು ಟಿವಿ ನೋಡುವಾಗ ಕರೆಂಟು ಹೋದರೆ ಒಂದು ಗಳಿಗೆ ಗೊಣಗಿ ಎದ್ದು ಹೋಗುತ್ತದೆ. ಕರೆಂಟಿನ ಹತ್ತಿರ ಚೌಕಾಸಿ ನಡೆಯದು, ಅಮ್ಮನ ಹತ್ತಿರ ನಡೆಯುತ್ತದೆ. ಎರಡೂ ಅದಕ್ಕೆ ಚೆನ್ನಾಗಿ ಗೊತ್ತು.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 1ರಿಂದ 5 ವರ್ಷದ ಮಕ್ಕಳ ಬಗ್ಗೆ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಕಂಡದ್ದು ಇದೇ. ‘ಇನ್ನೆರಡೇ ನಿಮಿಷ’ ಎಂದು ಮೊದಲೇ ಹೇಳಿದಾಗ ಗಲಾಟೆ ಇಳಿಯುವ ಬದಲು ಏರಿತ್ತು. ವಿಡಿಯೊ ತಾನಾಗಿ ಮುಗಿದಾಗ, ನೆಟ್ ಸಿಗದಾಗ, ದಿನದ ರೂಢಿಯಂತೆ ನಿಂತಾಗ ಮಕ್ಕಳು ಸಲೀಸಾಗಿ ಬಿಟ್ಟಿದ್ದರು.

ಹಾಗಾಗಿ ನಿಲ್ಲಿಸುವ ಕೆಲಸ ನಿಮ್ಮ ಬಾಯಿಂದ ಮೊಬೈಲಿಗೆ ದಾಟಲಿ. ಯೂಟ್ಯೂಬ್‌ನಲ್ಲಿ ವಿಡಿಯೊ ಓಡುವಾಗ ಪರದೆ ಮುಟ್ಟಿದರೆ ಮೇಲ್ಗಡೆ ಆಟೋಪ್ಲೇ ಗುಂಡಿ ಕಾಣುತ್ತದೆ, ಆಫ್ ಮಾಡಿ. ಒಂದು ಮುಗಿದ ಮೇಲೆ ಇನ್ನೊಂದು ತಾನೇ ಶುರುವಾಗುವುದಿಲ್ಲ. ‘ಇಪ್ಪತ್ತು ನಿಮಿಷ’ ಎಂದರೆ ನಾಲ್ಕು ವರ್ಷದ ಮಗುವಿಗೆ ಏನೂ ತಿಳಿಯದು. ‘ಎರಡು ಕಥೆ’ ಎಂದರೆ ತಿಳಿಯುತ್ತದೆ. ಆ ಎರಡನ್ನು ಕೊಡುವ ಮೊದಲೇ ಆರಿಸಿಡಿ. ಯೂಟ್ಯೂಬ್‌ನ ತುಂಡು ವಿಡಿಯೊಗಳಾದ ಶಾರ್ಟ್ಸ್‌ಗೆ ಮಾತ್ರ ಈ ಉಪಾಯ ನಾಟದು. ಬೆರಳು ತಳ್ಳಿದಷ್ಟೂ ಹೊಸದು ಬರುತ್ತದೆ, ಅದರಲ್ಲಿ ಯಾವುದು ಮಜಾ ಕೊಡುತ್ತದೋ ಹೇಳಲಾಗದು. ಆ ‘ಸಿಗಬಹುದು’ ಎಂಬ ಆಸೆಯೇ ಕೈ ಬಿಡಿಸುವುದಿಲ್ಲ. ಚಿಕ್ಕ ಮಕ್ಕಳಿಗೆ ಅದನ್ನು ತೋರಿಸದಿರುವುದೇ ಸರಿ.

ಯೂಟ್ಯೂಬ್ ಕಿಡ್ಸ್‌ನಲ್ಲಿ ಬೀಗದ ಚಿಹ್ನೆ ಒತ್ತಿ ಟೈಮರ್ ಇಡಬಹುದು; ಹೊತ್ತು ಮುಗಿದರೆ ಆ್ಯಪ್ ತಾನೇ ಮುಚ್ಚಿಕೊಳ್ಳುತ್ತದೆ. ಇಲ್ಲೊಂದು ಎಡವಟ್ಟಿದೆ. ಬೀಗ ತೆರೆಯಲು ಅದು ಕೇಳುವುದು ಗುಣಾಕಾರದ ಲೆಕ್ಕ. ಮಗ್ಗಿ ಕಲಿತ ಮಗು ಅದನ್ನು ಕ್ಷಣದಲ್ಲಿ ಬಿಡಿಸುತ್ತದೆ. ನಿಮ್ಮದೇ ಪಾಸ್‌ಕೋಡ್ ಹಾಕಿ.

ಮೊಬೈಲು ನಿಂತ ಮರುಗಳಿಗೆಗೆ ಏನೆಂದು ಮೊದಲೇ ಗೊತ್ತಿರಬೇಕು. ಬಿಸಿ ಹಲಸಿನ ಹಪ್ಪಳವೋ ಜಗುಲಿಯಲ್ಲಿ ಚೌಕಾಬಾರವೋ, ಏನಾದರೂ ಸರಿ. ಅಜ್ಜಿಯನ್ನೂ ಒಪ್ಪಿಸಿಕೊಳ್ಳಿ. ಹತ್ತು ಸಲ ಇಲ್ಲ ಎಂದು ಹನ್ನೊಂದನೇ ಸಲ ‘ಪಾಪ’ ಎಂದು ಕೊಟ್ಟರೆ ಮಗು ಕಲಿಯುವ ಪಾಠ ಒಂದೇ: ಹನ್ನೊಂದು ಸಲ ಅಳಬೇಕು.

ಎಷ್ಟು ಹೊತ್ತು? ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ ಹೀಗಿದೆ: 2 ವರ್ಷದೊಳಗೆ ಬೇಡವೇ ಬೇಡ, ಊರಲ್ಲಿರುವವರ ಜೊತೆ ವಿಡಿಯೊ ಕರೆ ಮಾತ್ರ ಆಗಬಹುದು. 2ರಿಂದ 5ಕ್ಕೆ ದಿನಕ್ಕೆ 1 ಗಂಟೆ ಮೀರದಿರಲಿ, 5ರಿಂದ 10ಕ್ಕೆ 2 ಗಂಟೆಗಿಂತ ಕಡಿಮೆ.

ಕಣ್ಣಿನದು ಬೇರೆಯೇ ಲೆಕ್ಕ. ಬೆಳಕನ್ನು ಅಳೆಯುವುದು ಲಕ್ಸ್‌ನಲ್ಲಿ; ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಅಷ್ಟೇ. ಮೋಡ ಕವಿದ ಹಗಲಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಹೊರಗಿನ ಬೆಳಕಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಿಗೆ ದೂರದ್ದು ಮಸುಕಾಗುವ ಸಮೀಪದೃಷ್ಟಿ ಬರುವ ಸಾಧ್ಯತೆ ಕಡಿಮೆ. ಮಳೆ ಹೊಳವಾದ ಅರ್ಧ ಗಂಟೆಯೂ ಲೆಕ್ಕಕ್ಕೆ ಬರುತ್ತದೆ, ಕೊಡೆ ಕೊಟ್ಟು ಅಂಗಳಕ್ಕೆ ಬಿಡಿ.